ಫೋಟೋ ಮೇಲೆ ದಪ್ಪಕ್ಷರ: ಬಾರ್ಬರಾ ಕ್ರೂಗರ್ ಕ್ರಮದಲ್ಲಿ ಕನ್ನಡ ಪೋಸ್ಟರ್ ಮಾಡುವ ಸಮಗ್ರ ಮಾರ್ಗದರ್ಶಿ

ಕಪ್ಪು-ಬಿಳುಪು ಫೋಟೋ, ಅದರ ಮೇಲೊಂದು ಕೆಂಪು ಪಟ್ಟಿ, ಪಟ್ಟಿಯೊಳಗೆ ಬಿಳಿ ದಪ್ಪಕ್ಷರ. ನೋಡಿದರೆ ಅರ್ಧ ಗಂಟೆಯ ಕೆಲಸ ಅನ್ನಿಸುತ್ತದೆ. ಅದಕ್ಕೇ ಕಲಾಶಾಲೆಯ ವಿದ್ಯಾರ್ಥಿಗಳಿಂದ ಹಿಡಿದು ಪ್ರತಿಭಟನೆಗೆ ಫಲಕ ಮಾಡುವವರ ತನಕ ಎಲ್ಲರೂ ಒಂದು ಸಲ ಇದಕ್ಕೆ ಕೈ ಹಾಕುತ್ತಾರೆ. ಹೊರಗೆ ಬರುವುದು ಮಾತ್ರ ಬಟ್ಟೆ ಅಂಗಡಿಯ ಜಾಹೀರಾತು, ಇಲ್ಲದಿದ್ದರೆ ಯಾವುದೋ ಇಲಾಖೆಯ ಜಾಗೃತಿ ಫಲಕ.

ಸೋಲುತ್ತಿರುವುದು ಕೈಯಲ್ಲ, ಕೆಲಸದ ಕ್ರಮ. ಬಹುತೇಕರು ಮೊದಲು ಕೆಂಪು ಪಟ್ಟಿ ಎಳೆಯುತ್ತಾರೆ, ಆಮೇಲೆ ಅದರ ಹಿಂದೆ ಇಡಲು ಫೋಟೋ ಹುಡುಕುತ್ತಾರೆ, ಕೊನೆಗೆ ಪಟ್ಟಿಯಲ್ಲಿ ಹಿಡಿಸುವಷ್ಟು ಮಾತು ತುಂಬುತ್ತಾರೆ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಅವರ ಕೃತಿಗಳನ್ನು ಬಿಡಿಸಿ ನೋಡಿದರೆ ಕಾಣುವ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಮೊದಲು ಮಾತು. ಆಮೇಲೆ ಆ ಮಾತಿನ ಜೊತೆ ಜಗಳಕ್ಕೆ ನಿಲ್ಲುವ ಚಿತ್ರ. ಆಮೇಲೆ ಕತ್ತರಿ, ಅಕ್ಷರ, ಜಾಗ. ಕೆಂಪು ಕಟ್ಟಕಡೆಗೆ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಿ.

ಏನೇನು ಬೇಕು

ಕ್ರೂಗರ್ ಕಲಾ ಗ್ಯಾಲರಿಗಳಿಗೆ ಬರುವ ಮುಂಚೆ ನ್ಯೂಯಾರ್ಕಿನಲ್ಲಿ ಪತ್ರಿಕೆಗಳ ಪುಟವಿನ್ಯಾಸ ಮಾಡುತ್ತಿದ್ದವರು. ಫೋಟೋ ಮೇಲೆ ಅಕ್ಷರವಿರುವ ಅವರ ಆರಂಭದ ಕೃತಿಗಳು ಕತ್ತರಿಸಿ ಅಂಟಿಸಿದ ಪುಟ್ಟ ಪೇಸ್ಟ್-ಅಪ್‌ಗಳು. ಗೋಡೆಯಷ್ಟು ದೊಡ್ಡದಾಗಿದ್ದು ಆಮೇಲೆ. ಹಾಗಾಗಿ ಕಂಪ್ಯೂಟರ್ ಇಲ್ಲದೆಯೂ ಇದನ್ನು ಮಾಡಬಹುದು. ಮೊದಲನೆಯದನ್ನು ಕೈಯಲ್ಲೇ ಮಾಡಿ ಎಂದು ನನ್ನ ಒತ್ತಾಯ. ಅಂಟಿಸುವ ಮುಂಚೆ ಪಟ್ಟಿಯನ್ನು ಬೆರಳಲ್ಲಿ ಸರಿಸುತ್ತಾ ನೋಡುವ ಲಾಭ ಮೌಸ್‌ನಲ್ಲಿ ಸಿಗುವುದಿಲ್ಲ.

ಕೈಕೆಲಸಕ್ಕೆ: ಫೋಟೋದ ಎರಡು ಮೂರು ಕಪ್ಪು-ಬಿಳುಪು ಝೆರಾಕ್ಸ್, ಕಟ್ಟರ್, ಸ್ಟೀಲ್ ಸ್ಕೇಲ್, ಕೆಳಗಿಡಲು ದಪ್ಪ ರಟ್ಟು, ಗ್ಲೂ ಸ್ಟಿಕ್, ಕೆಂಪು ಗ್ಲೇಜ್ ಪೇಪರ್. ನೀರಾದ ಗಮ್ ಬೇಡ, ಝೆರಾಕ್ಸ್ ಹಾಳೆ ಉಬ್ಬಿ ಸುಕ್ಕಾಗುತ್ತದೆ. ಪ್ಲಾಸ್ಟಿಕ್ ಸ್ಕೇಲ್ ಕೂಡ ಬೇಡ. ಕಟ್ಟರ್ ಅದನ್ನೇ ಕೊಯ್ಯುತ್ತದೆ, ಗೆರೆ ಸೊಟ್ಟಾಗುತ್ತದೆ.

ಕಂಪ್ಯೂಟರ್‌ನಲ್ಲಾದರೆ ಫೋಟೋಗೆ ಗಿಂಪ್, ಅಕ್ಷರಕ್ಕೆ ಇಂಕ್‌ಸ್ಕೇಪ್ ಸಾಕು. ಎರಡೂ ಉಚಿತ, ಎರಡರಲ್ಲೂ ಕನ್ನಡ ಸರಿಯಾಗಿ ಮೂಡುತ್ತದೆ. ಫಾಂಟ್‌ಗಳ ವಿಷಯ ನಾಲ್ಕನೇ ಹಂತದಲ್ಲಿದೆ. ಟೆಂಪ್ಲೇಟ್ ಕೊಡುವ ಆ್ಯಪ್‌ಗಳನ್ನು ಸದ್ಯಕ್ಕೆ ಮುಚ್ಚಿಡಿ. ಅವು ಪಟ್ಟಿಯನ್ನೇ ಮೊದಲು ಕೊಡುತ್ತವೆ, ನಿಮ್ಮ ಕ್ರಮ ಅಲ್ಲೇ ಕೆಡುತ್ತದೆ.

ಹಂತ 1: ಮಾತು ಸಿಗುವ ತನಕ ಬೇರೇನೂ ಮುಟ್ಟಬೇಡಿ

ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ನಾಲ್ಕೈದು ಪದ ಇದ್ದರೆ ಚೆನ್ನ, ಎಂಟು ದಾಟಿದರೆ ಅದು ಪ್ರಬಂಧ. ಬರೆದ ಪ್ರತಿ ವಾಕ್ಯದ ಪಕ್ಕದಲ್ಲೂ ಎರಡು ವಿಷಯ ಗುರುತು ಹಾಕಿ: ಹೇಳುತ್ತಿರುವವರು ಯಾರು, ಕೇಳಿಸಿಕೊಳ್ಳುತ್ತಿರುವವರು ಯಾರು. ಈ ಎರಡಕ್ಕೆ ಉತ್ತರ ಬರೆಯಲಾಗದ ವಾಕ್ಯವನ್ನು ಹೊಡೆದು ಹಾಕಿ.

ಕ್ರೂಗರ್ ಅವರ ಹೆಸರುವಾಸಿ ವಾಕ್ಯಗಳಲ್ಲಿ ‘ನಾನು’, ‘ನೀನು’, ‘ನಾವು’ ಮತ್ತೆ ಮತ್ತೆ ಬರುತ್ತವೆ. ಆದರೆ ಆ ‘ನಾನು’ ಕಲಾವಿದೆಯೇ ಆಗಬೇಕಿಲ್ಲ. 1987ರ ‘ಐ ಶಾಪ್ ದೇರ್‌ಫೋರ್ ಐ ಆ್ಯಮ್’ (ಕೊಳ್ಳುತ್ತೇನೆ, ಆದ್ದರಿಂದ ಇದ್ದೇನೆ) ಕೃತಿಯಲ್ಲಿ ಮಾತಾಡುತ್ತಿರುವುದು, ಕೊಂಡರೆ ಮಾತ್ರ ತಾನು ಬದುಕಿದ್ದೇನೆ ಎಂದುಕೊಂಡ ಯಾರೋ. ಅದನ್ನು ಓದಿದವರು ‘ನಾನಲ್ಲ’ ಅನ್ನುತ್ತಲೇ ಕೈಯಲ್ಲಿರುವ ಚೀಲ ನೋಡಿಕೊಳ್ಳುತ್ತಾರೆ. 1981ರ ‘ಯುವರ್ ಗೇಝ್ ಹಿಟ್ಸ್ ದ ಸೈಡ್ ಆಫ್ ಮೈ ಫೇಸ್’ನಲ್ಲಿ ‘ನಿನ್ನ ನೋಟ ನನ್ನ ಕೆನ್ನೆಗೆ ಬಡಿಯುತ್ತಿದೆ’ ಎನ್ನುವಂತಿರುವುದು ಹೆಣ್ಣಿನ ಶಿಲ್ಪದ ತಲೆ, ಕೇಳಿಸಿಕೊಳ್ಳುವವರು ಎದುರಿಗೆ ನಿಂತು ನೋಡುತ್ತಿರುವವರು. ನೋಡುಗರನ್ನು ಕೃತಿಯೊಳಗೆ ಎಳೆದುಕೊಂಡಿರುವುದು ಸರ್ವನಾಮ, ಬಣ್ಣವಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಘೋಷಣೆ ಬರೆಯುವುದು. ‘ಹೆಣ್ಣುಮಕ್ಕಳನ್ನು ಓದಿಸಿ’, ‘ಪ್ಲಾಸ್ಟಿಕ್ ಬಿಡಿ, ಭೂಮಿ ಉಳಿಸಿ’ ಇಂಥವನ್ನು ಯಾರೂ ಅಲ್ಲಗಳೆಯುವುದಿಲ್ಲ, ಅದಕ್ಕೇ ಯಾರೂ ಓದುವುದೂ ಇಲ್ಲ. ಪರೀಕ್ಷೆ ಸುಲಭ. ಈ ವಾಕ್ಯವನ್ನು ಒಂದಕ್ಷರ ಬದಲಿಸದೆ ಸರಕಾರಿ ಇಲಾಖೆಯೋ ಸೋಪಿನ ಕಂಪನಿಯೋ ಅಚ್ಚು ಹಾಕಿಸಬಹುದೇ? ಹೌದಾದರೆ ಅದು ನಿಮ್ಮ ವಾಕ್ಯವಲ್ಲ.

ಒಳ್ಳೆಯ ವಾಕ್ಯಗಳು ತಲೆಯಿಂದ ಬರುವುದಕ್ಕಿಂತ ಕಿವಿಯಿಂದ ಬರುತ್ತವೆ. ಮನೆಯಲ್ಲಿ, ಆಫೀಸಿನಲ್ಲಿ, ಮದುವೆ ಮಂಟಪದಲ್ಲಿ ಜನ ಸಹಜವಾಗಿ ಆಡಿಬಿಡುವ ಮಾತುಗಳನ್ನು ಪಟ್ಟಿ ಮಾಡಿ. ‘ನೀವು ಮನೇಲೇ ಇರ್ತೀರಲ್ವಾ’ ಎಂಬುದನ್ನು ತೆಗೆದುಕೊಳ್ಳಿ. ಗೃಹಿಣಿಯರಿಗೆ ದಿನಾ ಕೇಳಿಸುವ ಮಾತು. ಆಡುವವರಿಗೆ ಅದರಲ್ಲಿ ಏನೂ ಇಲ್ಲ, ಕೇಳುವವರಿಗೆ ಎಲ್ಲಾ ಇದೆ. ಈ ಮಾರ್ಗದರ್ಶಿಯ ಉದ್ದಕ್ಕೂ ಇದೇ ವಾಕ್ಯ ಇಟ್ಟುಕೊಂಡು ಕೆಲಸ ಮಾಡೋಣ.

ಇದನ್ನು ‘ನೀವು ಮನೆಯಲ್ಲೇ ಇರುತ್ತೀರಲ್ಲವೇ’ ಎಂದು ತಿದ್ದಿದರೆ ವ್ಯಾಕರಣ ಶುದ್ಧವಾಗುತ್ತದೆ, ಮಾತು ಸಾಯುತ್ತದೆ. ಆಡುವ ಹಾಗೇ ಬರೆಯಿರಿ. ಹಾಗೆಂದು ಎಲ್ಲವನ್ನೂ ಆಡುಮಾತಿಗೆ ಇಳಿಸಬೇಕಿಲ್ಲ. ಸುತ್ತೋಲೆ, ನೋಟಿಸ್, ಪಠ್ಯಪುಸ್ತಕದ ದನಿಯನ್ನು ಅಣಕಿಸಬೇಕಾದರೆ ಗ್ರಂಥಸ್ಥ ಕನ್ನಡವೇ ಸರಿ. ಒಂದೇ ವಾಕ್ಯದಲ್ಲಿ ಎರಡೂ ಬೆರೆತರೆ ಮಾತ್ರ ಯಾರ ದನಿಯೂ ಅಲ್ಲದಂತಾಗುತ್ತದೆ.

‘ನೀನು’ ಬೇಕೋ ‘ನೀವು’ ಬೇಕೋ ಎಂಬುದನ್ನು ಈಗಲೇ ತೀರ್ಮಾನಿಸಿ. ‘ನೀನು’ ಎಂದರೆ ಸಲಿಗೆ, ಪ್ರೀತಿ ಅಥವಾ ಅವಮಾನ. ಬೀದಿಯಲ್ಲಿ ಅಪರಿಚಿತರನ್ನು ನಿಲ್ಲಿಸಿ ಏಕವಚನದಲ್ಲಿ ಕರೆದಂತೆ. ‘ನೀವು’ ಮರ್ಯಾದೆಯ ಹಿಂದೆ ಅವಿತುಕೊಂಡು ಚುಚ್ಚಬಲ್ಲದು. ನಮ್ಮ ಉದಾಹರಣೆಯಲ್ಲಿ ‘ನೀವು’ ಬೇಕೇ ಬೇಕು, ಯಾಕೆಂದರೆ ಆ ಮಾತಿನ ವಿಷ ಇರುವುದೇ ಅದರ ಸೌಜನ್ಯದಲ್ಲಿ.

ವಾಕ್ಯವೇ ಹೊಳೆಯದಿದ್ದರೆ ಪ್ರಶ್ನೆಗಳಿಂದ ಶುರು ಮಾಡಿ. 1990ರಲ್ಲಿ ಲಾಸ್ ಏಂಜಲೀಸಿನ ಸಮಕಾಲೀನ ಕಲಾ ಮ್ಯೂಸಿಯಂನ ಹೊರಗೋಡೆಗೆ ಕ್ರೂಗರ್ ಬರೆಸಿದ್ದು ಒಂಬತ್ತೇ ಪ್ರಶ್ನೆ, ಎಲ್ಲವೂ ‘ಯಾರು’ ಎಂದೇ ಕೇಳುವಂಥವು. ಕಾನೂನನ್ನು ಮೀರಿದವರು ಯಾರು, ಎಲ್ಲರಿಗಿಂತ ಮೊದಲು ಸಾಯುವವರು ಯಾರು, ಕೊನೆಗೆ ನಗುವವರು ಯಾರು ಎಂಬ ಧಾಟಿ. ಫೋಟೋ ಕೂಡ ಇರಲಿಲ್ಲ. ನಿಮ್ಮ ವಿಷಯದ ಬಗ್ಗೆ ಹತ್ತು ‘ಯಾರು’ ಪ್ರಶ್ನೆ ಬರೆದು ಒಂಬತ್ತನ್ನು ಅಳಿಸಿ.

ಹಂತ 2: ಮಾತಿಗೆ ತಕರಾರು ತೆಗೆಯುವ ಫೋಟೋ ಹುಡುಕಿ

‘ನೀವು ಮನೇಲೇ ಇರ್ತೀರಲ್ವಾ’ ಪಕ್ಕಕ್ಕೆ ಅಡುಗೆಮನೆಯಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ಹೆಂಗಸಿನ ಫೋಟೋ ಇಟ್ಟು ನೋಡಿ. ಮಾತು, ಚಿತ್ರ ಎರಡೂ ಒಂದೇ ವಿಷಯ ಹೇಳಿದಂತಾಯಿತು. ಪೋಸ್ಟರ್ ಅಲ್ಲೇ ಮುಗಿಯಿತು. ಈಗ ಅದನ್ನು ತೆಗೆದು, ಸೂಟು ತೊಟ್ಟ ಗಂಡಸು ಬೈನಾಕ್ಯುಲರ್ ಹಿಡಿದು ನೇರ ನಮ್ಮತ್ತಲೇ ನೋಡುತ್ತಿರುವ ಚಿತ್ರ ಇಡಿ. ಅದೇ ಮಾತು ಕಾವಲಿನ ದನಿಯಾಗುತ್ತದೆ, ಕೊಂಚ ಬೆದರಿಕೆಯೂ ಸೇರುತ್ತದೆ. ಅದನ್ನೂ ತೆಗೆದು ಚಿಲಕಕ್ಕೆ ಹಾಕಿದ ದೊಡ್ಡ ಬೀಗವನ್ನು ಹತ್ತಿರದಿಂದ ತೆಗೆದ ಚಿತ್ರ ಇಡಿ. ಈಗ ಮೂರನೇ ಅರ್ಥ. ಒಂದು ವಾಕ್ಯಕ್ಕೆ ಕನಿಷ್ಠ ಐದು ಫೋಟೋ ಇಟ್ಟು ನೋಡದೆ ಆರಿಸಬೇಡಿ.

ಎಂಥ ಫೋಟೋ ಕೆಲಸಕ್ಕೆ ಬರುತ್ತದೆ? ಹಳೆಯ ಪತ್ರಿಕೆ, ಜಾಹೀರಾತು, ಕೈಪಿಡಿಗಳಲ್ಲಿ ಬರುವಂಥ, ಯಾರೋ ನಿಲ್ಲಿಸಿ, ಬೆಳಕು ಹಾಕಿ, ‘ಹೀಗೆ ಹಿಡಿದುಕೊಳ್ಳಿ’ ಎಂದು ಹೇಳಿ ತೆಗೆಸಿದ ಚಿತ್ರ. ಕ್ರೂಗರ್ ಬಳಸಿದ್ದು ಹೆಚ್ಚಾಗಿ ಕಳೆದ ಶತಮಾನದ ನಡುಭಾಗದ ಇಂಥ ಸಿದ್ಧ ಚಿತ್ರಗಳನ್ನೇ. ಒಂದು ಮುಖ, ಒಂದು ಕೈ, ಒಂದು ವಸ್ತು, ಒಂದು ಹಾವಭಾವ ಇರಲಿ. ಜಾತ್ರೆ, ಮೆರವಣಿಗೆ, ಸೂರ್ಯಾಸ್ತ ಕೆಲಸಕ್ಕೆ ಬರುವುದಿಲ್ಲ. ಬಡವರ ಮುಖದ ಮೇಲಿನ ಸುಕ್ಕು ತೋರಿಸಿ ಕನಿಕರ ಹುಟ್ಟಿಸುವ ಚಿತ್ರಗಳಂತೂ ಬೇಡವೇ ಬೇಡ. ಅಲ್ಲಿ ‘ನೀವು’ ಎಂದವರ ಬೆರಳು ನೋಡುಗರನ್ನು ಬಿಟ್ಟು ಆ ಬಡವರ ಕಡೆಗೇ ತಿರುಗಿಬಿಡುತ್ತದೆ.

ಹಕ್ಕಿನ ವಿಷಯ ಇಲ್ಲಿಯೇ ಇತ್ಯರ್ಥ ಮಾಡಿಕೊಳ್ಳಿ, ಅಚ್ಚಿಗೆ ಹೋಗುವಾಗ ಅಲ್ಲ. ‘ಅವರೂ ಬೇರೆಯವರ ಫೋಟೋ ತೆಗೆದುಕೊಂಡರು, ನಾವೂ ತಗೊಂಡೆವು’ ಎನ್ನುವವರು ಒಂದು ಮೊಕದ್ದಮೆ ನೆನಪಿಟ್ಟುಕೊಳ್ಳಬೇಕು. ಜರ್ಮನ್ ಛಾಯಾಗ್ರಾಹಕ ಥಾಮಸ್ ಹೋಪ್ಕರ್ 1960ರಲ್ಲಿ ತೆಗೆದ, ಕಣ್ಣಿಗೆ ಭೂತಗನ್ನಡಿ ಹಿಡಿದ ಹೆಂಗಸಿನ ಚಿತ್ರವನ್ನು ಕ್ರೂಗರ್ 1990ರ ಒಂದು ಕೃತಿಯಲ್ಲಿ ಬಳಸಿದರು. ಅದರ ಮಾತಿನ ಸಾರ: ಜಗತ್ತು ಚಿಕ್ಕದು, ಆದರೆ ಅದನ್ನು ಗುಡಿಸಿ ಒರೆಸುವವರಿಗಲ್ಲ. ಛಾಯಾಗ್ರಾಹಕರೂ ಚಿತ್ರದಲ್ಲಿದ್ದ ಮಹಿಳೆಯೂ ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅರ್ಜಿ ವಜಾ ಮಾಡಿತು. ಆದರೆ ಕಾರಣ ಗಮನಿಸಿ: ವಿದೇಶಿ ಕೃತಿಗಳಿಗೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಮರಳಿ ಸಿಗುವ ಮೊದಲೇ ಆ ಕೃತಿ ತಯಾರಾಗಿತ್ತು, ಮಹಿಳೆಯ ದೂರಿನ ವಿಚಾರದಲ್ಲಿ ಕಲೆಯ ವಾಕ್‌ಸ್ವಾತಂತ್ರ್ಯ ಮೇಲಾಯಿತು. ಕಂಡ ಫೋಟೋ ಯಾರು ಬೇಕಾದರೂ ಎತ್ತಿಕೊಳ್ಳಬಹುದು ಎಂದು ಅಲ್ಲಿ ಯಾರೂ ಹೇಳಿಲ್ಲ.

ಭಾರತದಲ್ಲಿ 2012ರ ತಿದ್ದುಪಡಿಯ ನಂತರ ಫೋಟೋದ ಹಕ್ಕುಸ್ವಾಮ್ಯ ಛಾಯಾಗ್ರಾಹಕರ ಜೀವಿತಾವಧಿ ಮತ್ತು ಅವರ ನಂತರ 60 ವರ್ಷ. ಆದ್ದರಿಂದ ಸುರಕ್ಷಿತ ದಾರಿಗಳು ಇವು: ನೀವೇ ತೆಗೆದದ್ದು, ಮನೆಯವರ ಒಪ್ಪಿಗೆ ಪಡೆದ ಹಳೇ ಆಲ್ಬಂ, ವಿಕಿಮೀಡಿಯ ಕಾಮನ್ಸ್‌ನಲ್ಲಿ ಲೈಸೆನ್ಸ್ ಓದಿ ಇಳಿಸಿಕೊಂಡದ್ದು. ಸ್ಟುಡಿಯೋದಲ್ಲಿ ತೆಗೆಸಿದ ಹಳೇ ಫೋಟೋ ನಿಮ್ಮ ಮನೆಯಲ್ಲಿ ಇದ್ದ ಮಾತ್ರಕ್ಕೆ ಅದರ ಹಕ್ಕೂ ನಿಮ್ಮದೇ ಎಂದುಕೊಳ್ಳಬೇಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ, ಯಾರದ್ದೆಂದು ಗೊತ್ತಿಲ್ಲದ ಮುಖ ಬೇಡವೇ ಬೇಡ. ನಿಮ್ಮ ವಾಕ್ಯ ಆ ವ್ಯಕ್ತಿಯ ಬಾಯಿಂದ ಬಂದಂತೆ ಓದಿಸಿಕೊಳ್ಳುತ್ತದೆ ಎಂಬುದನ್ನು ಮರೆಯಬೇಡಿ.

ಹಂತ 3: ಕತ್ತರಿಸಿ, ಕಪ್ಪು-ಬಿಳುಪು ಮಾಡಿ

ಇಡೀ ಫೋಟೋ ಉಳಿಸಿಕೊಳ್ಳುವ ಆಸೆ ಬಿಡಿ. ಮುಖವಾದರೆ ಹಣೆಯ ಮೇಲ್ಭಾಗ, ಕಿವಿ, ಹಿನ್ನೆಲೆ ಹೋಗಲಿ. ‘ಐ ಶಾಪ್’ ಕೃತಿಯಲ್ಲಿ ಉಳಿದದ್ದು ಚೀಟಿ ಹಿಡಿದಂತೆ ಕಾಣುವ ಒಂದು ಕೈ ಮಾತ್ರ. ಕತ್ತರಿಸುವ ಮುಂಚೆ ರಟ್ಟಿನಲ್ಲಿ ‘ಎಲ್’ ಆಕಾರದ ಎರಡು ತುಂಡು ಮಾಡಿಕೊಂಡು ಫೋಟೋ ಮೇಲೆ ಹಿಗ್ಗಿಸಿ ಕುಗ್ಗಿಸಿ ನೋಡಿ. ಇನ್ನು ಸ್ವಲ್ಪ ಒಳಗೆ ಬಂದರೆ ಏನೆಂದೇ ತಿಳಿಯುವುದಿಲ್ಲ ಅನ್ನುವ ಜಾಗಕ್ಕಿಂತ ಒಂದು ಬೆರಳು ಹಿಂದೆ ನಿಲ್ಲಿಸಿ.

ಬಣ್ಣ ತೆಗೆದ ಮೇಲೆ ಫೋಟೋ ಬೂದಿ ಬೂದಿಯಾಗಿ ಕಂಡರೆ ಕೆಲಸ ಮುಗಿದಿಲ್ಲ. ಗಿಂಪ್‌ನ ಲೆವೆಲ್ಸ್‌ನಲ್ಲಿ ಎರಡು ತುದಿಯ ಗುಂಡಿಗಳನ್ನೂ ಒಳಕ್ಕೆ ಎಳೆದು ಕಪ್ಪನ್ನು ನಿಜವಾದ ಕಪ್ಪು, ಬಿಳಿಯನ್ನು ನಿಜವಾದ ಬಿಳಿ ಮಾಡಿ. ಕೈಯಲ್ಲಾದರೆ ಝೆರಾಕ್ಸ್‌ನ ಝೆರಾಕ್ಸ್ ತೆಗೆಸಿ, ನಡುವಿನ ಬೂದುಬಣ್ಣ ತಾನಾಗಿ ಉದುರುತ್ತದೆ.

ಚಿತ್ರವನ್ನು ತಿರುಚುವುದಾದರೆ ಒಂದೇ ಸಲ, ಕಾರಣವಿದ್ದಾಗ. 1989ರ ‘ಯುವರ್ ಬಾಡಿ ಈಸ್ ಎ ಬ್ಯಾಟಲ್‌ಗ್ರೌಂಡ್’ನಲ್ಲಿ ಹೆಣ್ಣಿನ ಮುಖವನ್ನು ನಡುವೆ ಸೀಳಿ ಒಂದು ಅರ್ಧ ಸಹಜವಾಗಿ, ಇನ್ನೊಂದು ಅರ್ಧ ನೆಗೆಟಿವ್ ಆಗಿ ಇದೆ. ದೇಹವೇ ಯುದ್ಧಭೂಮಿ ಎನ್ನುವ ಮಾತಿಗೆ ಆ ಸೀಳು ಬೇಕು. ನಿಮ್ಮ ಮಾತಿನಲ್ಲಿ ಸೀಳು ಇಲ್ಲದಿದ್ದರೆ ನೆಗೆಟಿವ್ ಬೇಡ, ಮಸುಕು ಬೇಡ, ಕನ್ನಡಿ ಬಿಂಬ ಬೇಡ.

ಅಳತೆ: ಎ3 ಹಾಳೆಗೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಎಂದರೆ ಸುಮಾರು 3508 × 4961 ಪಿಕ್ಸೆಲ್. 1600 ಪಿಕ್ಸೆಲ್ ಅಗಲದ ಫೋಟೋ ಅದೇ ಗುಣಮಟ್ಟದಲ್ಲಿ ಹದಿಮೂರೂವರೆ ಸೆಂಟಿಮೀಟರ್‌ಗೇ ಮುಗಿಯುತ್ತದೆ. ಚಿಕ್ಕ ಫೋಟೋವನ್ನು ಸುಮ್ಮನೆ ಹಿಗ್ಗಿಸಿದರೆ ಅಂಚು ಚೌಕ ಚೌಕವಾಗುತ್ತದೆ. ಹಾಗಾದಾಗ ಹಾಫ್‌ಟೋನ್ ಚುಕ್ಕಿ ಹಾಕಿಬಿಡಿ, ಪತ್ರಿಕೆಯ ಅಚ್ಚಿನಂತೆ ಕಾಣುತ್ತದೆ, ಲೋಪವೂ ಮುಚ್ಚುತ್ತದೆ.

ಹಂತ 4: ಅಕ್ಷರ

ಕನ್ನಡದಲ್ಲಿ ಅತಿ ಹೆಚ್ಚು ಪೋಸ್ಟರ್‌ಗಳು ಹಾಳಾಗುವುದು ಈ ಹಂತದಲ್ಲಿ. ಕ್ರೂಗರ್ ಅವರ ಕೈಗುರುತು ಎನಿಸಿಕೊಂಡ ಅಕ್ಷರಗಳು ಫ್ಯೂಚುರಾ ಬೋಲ್ಡ್ ಆಬ್ಲೀಕ್ ಮತ್ತು ಹೆಲ್ವೆಟಿಕಾದ ಇಕ್ಕಟ್ಟಾದ ದಪ್ಪ ರೂಪ. ಇಂಗ್ಲಿಷಿನ ದಪ್ಪಕ್ಷರ ಇಟ್ಟಿಗೆಯಂತೆ ಸಾಲಾಗಿ ಕೂರುತ್ತದೆ. ನಮ್ಮ ಲಿಪಿ ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ, ಪಕ್ಕಕ್ಕೆ ಕೊಂಬು, ದೀರ್ಘ. ಅದೇ ಪಟ್ಟಿ, ಅದೇ ಬಾಗು ತಂದು ಹೇರಿದರೆ ಒತ್ತಕ್ಷರ ಪಟ್ಟಿಯ ಹೊರಗೆ ಜೋತಾಡುತ್ತದೆ.

ಫಾಂಟ್. ಉಚಿತವಾಗಿ ಸಿಗುವವುಗಳಲ್ಲಿ ನನ್ನ ಮೊದಲ ಆಯ್ಕೆ ಅನೇಕ್ ಕನ್ನಡ. ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಬದಲಿಸಬಹುದು. ಎಕ್ಸ್‌ಟ್ರಾಬೋಲ್ಡ್ ಕಂಡೆನ್ಸ್ಡ್ ರೂಪ ಈ ಕೆಲಸಕ್ಕೇ ಮಾಡಿದಂತಿದೆ. ನೋಟೋ ಸ್ಯಾನ್ಸ್ ಕನ್ನಡದ ದಪ್ಪ ರೂಪಗಳು ಗಂಭೀರ, ಸ್ವಲ್ಪ ಸರಕಾರಿ. ಸುತ್ತೋಲೆ ಅಣಕಿಸಲು ಸರಿಯಾಗುತ್ತವೆ. ಬಾಲೂ ತಮ್ಮ ದುಂಡಗೆ ಮುದ್ದಾಗಿದೆ, ಹಾಗಾಗಿ ಕಟು ಮಾತಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಬಲುಸಿಹಿಯಾಗಿ ಚುಚ್ಚಬೇಕೆಂದಿದ್ದರೆ ಬೇರೆ ಮಾತು. ಸಿನಿಮಾ ಶೀರ್ಷಿಕೆಯ ಅಲಂಕಾರದ ಅಕ್ಷರ, ಬ್ರಷ್ ಅಕ್ಷರಗಳನ್ನು ದೂರವಿಡಿ.

ತೆಳ್ಳನೆ ಫಾಂಟ್ ತೆಗೆದುಕೊಂಡು ‘ಬಿ’ ಗುಂಡಿ ಒತ್ತಿ ದಪ್ಪ ಮಾಡಬೇಡಿ. ತಂತ್ರಾಂಶ ಸುತ್ತಲೂ ಮಸಿ ಬಳಿದು ಉಬ್ಬಿಸುತ್ತದೆ ಅಷ್ಟೆ. ‘ಠ’, ‘ಥ’, ‘ಧ’ಗಳ ಹೊಟ್ಟೆ ಮುಚ್ಚಿಹೋಗಿ ದೂರದಿಂದ ಮೂರೂ ಒಂದೇ ಆಗುತ್ತವೆ.

ಬಾಗು. ಕನ್ನಡ ಫಾಂಟ್‌ಗಳಲ್ಲಿ ಓರೆ ರೂಪ ಸಿಗುವುದು ಅಪರೂಪ, ತಂತ್ರಾಂಶದಿಂದ ಓರೆ ಮಾಡಿದರೆ ದುಂಡು ಅಕ್ಷರಗಳು ಬೀಳುತ್ತಿರುವಂತೆ ಕಾಣುತ್ತವೆ. ನೇರವಾಗಿಯೇ ಬಿಡಿ ಎನ್ನುವವನು ನಾನು. ಓರೆ ಬೇಕೇ ಬೇಕೆಂದರೆ ಏಳೆಂಟು ಡಿಗ್ರಿ ದಾಟಬೇಡಿ.

ಅಂತರ. ಅಕ್ಷರಗಳ ನಡುವೆ ಜಾಗ ಕೊಟ್ಟು ಎಳೆಯಬೇಡಿ, ಕಾಗುಣಿತ ಬಿಡಿಬಿಡಿಯಾಗುತ್ತದೆ. ತೀರಾ ಒತ್ತಲೂ ಬೇಡಿ, ಒಂದರ ಒತ್ತಕ್ಷರ ಪಕ್ಕದ ಅಕ್ಷರದ ಕಾಲಿಗೆ ತಾಗುತ್ತದೆ. ಪದಗಳ ನಡುವಿನ ಜಾಗವನ್ನು ಮಾತ್ರ ತುಸು ಕಡಿಮೆ ಮಾಡಬಹುದು.

ಪಟ್ಟಿಯ ಎತ್ತರ. ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಹೋಗುವ ಗುಡಿಸು ಅಥವಾ ಏತ್ವ, ಎಲ್ಲಕ್ಕಿಂತ ಕೆಳಗಿಳಿಯುವ ಒತ್ತಕ್ಷರ, ಇವೆರಡರ ನಡುವೆ ಅಳೆಯಿರಿ, ಆಮೇಲೆ ಮೇಲೆ ಕೆಳಗೆ ಸ್ವಲ್ಪ ಜಾಗ ಸೇರಿಸಿ. ಒತ್ತಕ್ಷರವೇ ಇಲ್ಲದ ಸಾಲಿನ ಪಟ್ಟಿ ಕೂಡ ಅಷ್ಟೇ ಎತ್ತರ ಇರಲಿ. ಆಗ ಆ ಸಾಲಿನಲ್ಲಿ ಅಕ್ಷರ ಮೇಲೆ ಕೂತಂತೆ ಕಾಣುತ್ತದೆ. ಅಲ್ಲಿ ಮಾತ್ರ ಕಣ್ಣಳತೆಯಲ್ಲಿ ಒಂದೆರಡು ಮಿಲಿಮೀಟರ್ ಕೆಳಗಿಳಿಸಿ. ‘ಮನೇಲೇ’ ಪದಕ್ಕೆ ಒತ್ತಕ್ಷರ ಇಲ್ಲ, ‘ಇರ್ತೀರಲ್ವಾ’ಗೆ ವಕಾರದ ಒತ್ತು ಇದೆ. ಎರಡನ್ನೂ ಬೇರೆ ಬೇರೆ ಎತ್ತರದ ಪಟ್ಟಿಯಲ್ಲಿಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಸಾಲು ಮುರಿಯುವುದು. ‘ಬ್ಯಾಟಲ್‌ಗ್ರೌಂಡ್’ ಕೃತಿಯಲ್ಲಿ ಮಾತು ಮೇಲೆ, ನಡುವೆ, ಕೆಳಗೆ ಎಂದು ಮೂರು ತುಂಡಾಗಿದೆ; ‘ಐ ಶಾಪ್’ನಲ್ಲಿ ನಡುವಿನ ಪದ ಚಿಕ್ಕದು. ಇಂಗ್ಲಿಷಿನಲ್ಲಿ ಹಾಗೆ ಚಿಕ್ಕದು ಮಾಡಲು ಬಿಡಿ ಪದಗಳು ಸಿಗುತ್ತವೆ, ನಮ್ಮಲ್ಲಿ ಆ ಕೆಲಸ ಪ್ರತ್ಯಯದ್ದು, ಅದು ಪದಕ್ಕೆ ಅಂಟಿಕೊಂಡಿರುತ್ತದೆ. ‘ಮನೆ’ ದೊಡ್ಡದು, ‘ಯಲ್ಲೇ’ ಚಿಕ್ಕದು ಎಂದು ಸೀಳಬೇಡಿ. ಪದ ಪದವಾಗಿ ಮುರಿಯಿರಿ, ಕ್ರಿಯಾಪದವನ್ನು ಕೊನೆಯ ಸಾಲಿನಲ್ಲಿ ಒಂಟಿಯಾಗಿ ನಿಲ್ಲಿಸಿ. ‘ನೀವು’ ಚಿಕ್ಕ ಪಟ್ಟಿ, ‘ಮನೇಲೇ’ ದೊಡ್ಡ ಪಟ್ಟಿ, ‘ಇರ್ತೀರಲ್ವಾ’ ಕೆಳಗೆ. ಓದುಗ ಕೊನೆಯ ಪಟ್ಟಿಗೆ ಇಳಿಯುವಷ್ಟರಲ್ಲಿ ನಡುವಿನ ಚಿತ್ರವನ್ನು ದಾಟಿರಬೇಕು.

ಮೂಡುವಿಕೆ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಅರ್ಧಾಕ್ಷರಗಳು ಸಾಲಾಗಿ ಬಂದರೆ ಟೈಪ್ ಪ್ರಿಫರೆನ್ಸಸ್‌ಗೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್. ಬಳಿಕ ಹೊಸ ಫೈಲ್ ತೆರೆದು ಟೈಪ್ ಮಾಡಿ. ‘ರಾಷ್ಟ್ರೀಯ’, ‘ಇರ್ತೀರ’ ಎರಡನ್ನೂ ಹೊಡೆದು ನೋಡಿ. ಮೊದಲನೆಯದರಲ್ಲಿ ಎರಡು ಒತ್ತೂ ಕೆಳಗೆ ಕೂತು, ಎರಡನೆಯದರಲ್ಲಿ ಅರ್ಕಾವತ್ತು ತಕಾರದ ಬಲಕ್ಕೆ ಬಂದರೆ ಎಲ್ಲವೂ ಸರಿ.

ಡಿಟಿಪಿ ಅಂಗಡಿಗೆ ಹೋಗುವವರಿಗೆ ಇನ್ನೊಂದು ಹಳ್ಳವಿದೆ. ಅನೇಕ ಅಂಗಡಿಗಳು ಇಂದಿಗೂ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ಗಳಲ್ಲಿ ಕೆಲಸ ಮಾಡುತ್ತವೆ. ನೀವು ಮೊಬೈಲಿನಿಂದ ಕಳಿಸುವುದು ಯೂನಿಕೋಡ್, ಅಂದರೆ ಅಕ್ಷರಗಳನ್ನು ಗುರುತಿಸುವ ಬೇರೆಯದೇ ಸಂಕೇತ ಪದ್ಧತಿ. ಅಲ್ಲಿ ಅಂಟಿಸಿದಾಗ ಚೌಕಡಬ್ಬಿ ಬರುತ್ತದೆ, ಅವರು ಕೈಯಲ್ಲಿ ಮತ್ತೆ ಹೊಡೆಯುತ್ತಾರೆ, ‘ಮನೇಲೇ’ ಎಂಬುದನ್ನು ‘ಮನೆಯಲ್ಲಿ’ ಎಂದು ತಾವೇ ತಿದ್ದಿಬಿಡುತ್ತಾರೆ. ಅಕ್ಷರವನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಜೋಡಿಸಿ ಚಿತ್ರವಾಗಿ ಒಯ್ಯಿರಿ.

ಹಂತ 5: ಪಟ್ಟಿಗೆ ಜಾಗ

ಫೋಟೋದ ಖಾಲಿ ಜಾಗದಲ್ಲಿ ಅಕ್ಷರ ಕೂರಿಸುವುದು ಎಲ್ಲರ ಅಭ್ಯಾಸ. ಇಲ್ಲಿ ಅದು ಕೂಡದು. ಮಾತು ಚಿತ್ರಕ್ಕೆ ಅಡ್ಡ ಬರಬೇಕು, ಆದರೆ ಚಿತ್ರದ ಮುಖ್ಯ ಹಾವಭಾವ ಮುಚ್ಚಬಾರದು. ಬೈನಾಕ್ಯುಲರ್ ಹಿಡಿದ ಗಂಡಸಿನ ಬಾಯಿ ಮುಚ್ಚಿದರೆ ಮಾತು ಅವನದ್ದೇ ಆಗುತ್ತದೆ. ಮಸೂರಗಳನ್ನು ಮುಚ್ಚಿದರೆ ಅವನು ನಮ್ಮನ್ನು ನೋಡುವುದೇ ನಿಂತುಹೋಗುತ್ತದೆ, ಪೋಸ್ಟರ್ ಸತ್ತಂತೆ.

ಝೆರಾಕ್ಸ್ ಮೇಲೆ ಪಟ್ಟಿಗಳನ್ನು ಸರಿಸಿ ಬೇರೆ ಬೇರೆ ಜೋಡಣೆ ಮಾಡಿ, ಪ್ರತಿಯೊಂದರ ಮೊಬೈಲ್ ಫೋಟೋ ತೆಗೆದಿಡಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ನೋಡಿ ಆರಿಸಿ. ಮಾತನ್ನು ಒಂದೇ ಬದಿಯಲ್ಲಿ ಮೇಲಿಂದ ಕೆಳಕ್ಕೆ ಪೇರಿಸುವುದೂ ಒಂದು ದಾರಿ. ‘ಯುವರ್ ಗೇಝ್’ ಹಾಗೇ ಇದೆ. ಅಕ್ಷರಕ್ಕೆ ನೆರಳು, ಅಂಚುಗೆರೆ, ಹೊಳಪು ಹಾಕಬೇಕು ಅನ್ನಿಸಿತೆಂದರೆ ಅದು ಪಟ್ಟಿ ತಪ್ಪು ಜಾಗದಲ್ಲಿದೆ ಎಂಬುದರ ಸೂಚನೆ. ನೆರಳು ಹಾಕಬೇಡಿ, ಪಟ್ಟಿ ಸರಿಸಿ.

ಹಂತ 6: ಈಗ ಕೆಂಪು, ಬೇಕಿದ್ದರೆ

ಇಲ್ಲಿಯ ತನಕ ಪಟ್ಟಿಗಳು ಕಪ್ಪು ಅಥವಾ ಬಿಳಿಯಲ್ಲೇ ಇರಲಿ. ಕಪ್ಪು-ಬಿಳುಪಿನಲ್ಲಿ ನಿಲ್ಲದ ಪೋಸ್ಟರನ್ನು ಕೆಂಪು ಎತ್ತಿ ನಿಲ್ಲಿಸುವುದಿಲ್ಲ. 1980ರ ದಶಕದ ಆರಂಭದ ಹಲವು ಕ್ರೂಗರ್ ಕೃತಿಗಳಲ್ಲಿ ಚಿತ್ರ, ಅಕ್ಷರ ಎರಡೂ ಕಪ್ಪು-ಬಿಳಿ. ಕೆಂಪು ಇದ್ದದ್ದು ಸುತ್ತಲಿನ ಚೌಕಟ್ಟಿನಲ್ಲಿ.

ಪರದೆಯ ಉಜ್ವಲ ಕೆಂಪು ಅಚ್ಚಿನಲ್ಲಿ ಮಂಕಾಗುತ್ತದೆ. ಅಚ್ಚಿಗೆ ಸಿಎಂವೈಕೆಯಲ್ಲಿ (ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕ) ಮೆಜೆಂಟಾ 100, ಹಳದಿ 100, ಉಳಿದೆರಡು ಸೊನ್ನೆ ಇಟ್ಟು ಒಂದು ಸಣ್ಣ ತುಂಡು ಅಚ್ಚು ಹಾಕಿಸಿ ನೋಡಿ. ಕೆಂಪಿನ ಪಕ್ಕ ಹಳದಿ ತರಬೇಡಿ, ಕರ್ನಾಟಕದಲ್ಲಿ ಅದು ತಕ್ಷಣ ರಾಜ್ಯೋತ್ಸವದ ಫಲಕವಾಗುತ್ತದೆ. ಇನ್ನು ಬಿಳಿ ಅಕ್ಷರದ ಒಂಟಿ ಕೆಂಪು ಆಯತ ಕಂಡರೆ ಯುವಕರಿಗೆ ಮೊದಲು ನೆನಪಾಗುವುದು ಸುಪ್ರೀಮ್ ಎಂಬ ಬಟ್ಟೆ ಬ್ರ್ಯಾಂಡ್. 1994ರಲ್ಲಿ ಶುರುವಾದ ಆ ಕಂಪನಿಯ ಲಾಂಛನ ಕ್ರೂಗರ್ ಶೈಲಿಯದ್ದೇ. 2013ರಲ್ಲಿ ಅದು ಇನ್ನೊಂದು ಬಟ್ಟೆ ಕಂಪನಿಯ ಮೇಲೆ ಲಾಂಛನ ನಕಲಿನ ಮೊಕದ್ದಮೆ ಹೂಡಿದಾಗ ಕ್ರೂಗರ್ ಇಬ್ಬರನ್ನೂ ಸೇರಿಸಿ ಗೇಲಿ ಮಾಡಿದ್ದರು. ಹಾಗಾಗಿ ಒಂದೇ ಆಯತ ಬೇಡ. ಎರಡು ಮೂರು ಪಟ್ಟಿ ಇರಲಿ, ಇಲ್ಲವೇ ಕೆಂಪನ್ನು ಚೌಕಟ್ಟಿಗೆ ಕಳಿಸಿ.

ಹಂತ 7: ಒರೆಗೆ ಹಚ್ಚುವುದು

ಅಕ್ಷರ ಮುಚ್ಚಿ ಚಿತ್ರ ಮಾತ್ರ ನೋಡಿ. ಆಮೇಲೆ ಚಿತ್ರ ಮುಚ್ಚಿ ಮಾತು ಮಾತ್ರ ಓದಿ. ಎರಡರಲ್ಲಿ ಯಾವುದಾದರೂ ಒಂದೇ ಪೂರ್ತಿ ವಿಷಯ ಹೇಳಿಬಿಟ್ಟರೆ ಇನ್ನೊಂದು ದಂಡ, ಎರಡನೇ ಹಂತಕ್ಕೆ ವಾಪಸ್.

ಪೋಸ್ಟರನ್ನು ಹೆಬ್ಬೆರಳಿನಷ್ಟು ಕುಗ್ಗಿಸಿ ಮೊಬೈಲಿನಲ್ಲಿ ನೋಡಿ. ಗೋಡೆಗೆ ಅಂಟಿಸಿ ಹತ್ತಡಿ ಹಿಂದೆ ಹೋಗಿ. ಹತ್ತಡಿಗೆ ಒಂದು ಅಂಗುಲದ ಅಕ್ಷರ ಎಂಬುದು ಫಲಕದವರ ಸ್ಥೂಲ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರ, ಗುಡಿಸು ಬಿಟ್ಟು ಮೂಲಾಕ್ಷರದ ಎತ್ತರವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ವಿವರಿಸದೆ ಕೇಳಿ: ಇದನ್ನು ಯಾರು ಯಾರಿಗೆ ಹೇಳ್ತಿದ್ದಾರೆ? ಅವರು ಸ್ವಲ್ಪ ತಡೆದು, ‘ನನಗಾ?’ ಅಂದರೆ ಗೆದ್ದಿರಿ. ‘ಚೆನ್ನಾಗಿದೆ’ ಅಂದರೆ ಅನುಮಾನ ಪಡಿ. ‘ಯಾವ ಪಕ್ಷದ್ದು?’, ‘ಯಾವ ಕಂಪನಿದು?’ ಎಂದರೆ ತಪ್ಪಿರುವುದು ವಾಕ್ಯದಲ್ಲಿ, ವಿನ್ಯಾಸ ತಿದ್ದುತ್ತಾ ಕೂರಬೇಡಿ. ಎಲ್ಲರೂ ತಲೆಯಾಡಿಸಿ ಒಪ್ಪಿಬಿಟ್ಟರೂ ಅಪಾಯವೇ: ನೀವು ಈಗಾಗಲೇ ಒಪ್ಪಿರುವವರಿಗೆ ಮಾತ್ರ ಮಾತಾಡಿದ್ದೀರಿ.

ಹಂತ 8: ಅಚ್ಚು ಮತ್ತು ಗೋಡೆ

ಅಚ್ಚಿಗೆ ಕೊಡುವ ಫೈಲಿನಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಿಗೆ ಬದಲಿಸಿ. ಇಂಕ್‌ಸ್ಕೇಪ್‌ನಲ್ಲಿ ಆಬ್ಜೆಕ್ಟ್ ಟು ಪಾತ್ ಅನ್ನುವುದು ಅದೇ. ಪಿಡಿಎಫ್ ಜೊತೆಗೆ ಹೋಲಿಸಿ ನೋಡಲು ಒಂದು ಜೆಪೆಗ್ ಕೂಡ ಕೊಡಿ. ತಿದ್ದಬಹುದಾದ ಮೂಲ ಫೈಲ್ ಬೇರೆ ಉಳಿಸಿಕೊಳ್ಳಿ, ಕರ್ವ್ಸ್ ಆದ ಮೇಲೆ ಒಂದು ದೀರ್ಘ ಸೇರಿಸಲೂ ಆಗುವುದಿಲ್ಲ. ಅಚ್ಚಾಗಿ ಬಂದ ಮೊದಲ ಪ್ರತಿಯನ್ನು ಅಂಗಡಿಯಲ್ಲೇ ನಿಂತು ಗಟ್ಟಿಯಾಗಿ ಓದಿ.

ಹೊಳಪಿನ ಫ್ಲೆಕ್ಸ್‌ಗಿಂತ ಸಾದಾ ಕಾಗದ ವಾಸಿ. ಹೊಳಪು ಬಂದ ಕೂಡಲೇ ಅದು ಹುಟ್ಟುಹಬ್ಬದ ಬ್ಯಾನರ್ ಸಾಲಿಗೆ ಸೇರುತ್ತದೆ, ಬಿಸಿಲಿಗೆ ಅಕ್ಷರವೂ ಕಾಣುವುದಿಲ್ಲ. ಎ3ರ ನಾಲ್ಕೋ ಆರೋ ಹಾಳೆಗಳನ್ನು ಜೋಡಿಸಿ ದೊಡ್ಡದು ಮಾಡಬಹುದು. ಹಾಳೆಗಳ ಸಂದು ಅಕ್ಷರದ ಮೇಲೆ ಬೀಳದಂತೆ ನೋಡಿಕೊಳ್ಳಿ.

‘ಬ್ಯಾಟಲ್‌ಗ್ರೌಂಡ್’ ಮೊದಲು ಬೀದಿಗೆ ಇಳಿದದ್ದು 1989ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಗರ್ಭಪಾತದ ಹಕ್ಕಿಗಾಗಿ ನಡೆದ ಮೆರವಣಿಗೆಯ ಪೋಸ್ಟರ್ ಆಗಿ. ಅದನ್ನು ನೋಡಿ ಹುರುಪಾಗಿ ರಾತ್ರೋರಾತ್ರಿ ಕಂಡ ಗೋಡೆಗೆಲ್ಲ ಅಂಟಿಸಲು ಹೊರಡಬೇಡಿ. ಸಾರ್ವಜನಿಕರಿಗೆ ಕಾಣುವ ಜಾಗಗಳನ್ನು ಅನುಮತಿಯಿಲ್ಲದೆ ವಿರೂಪ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾನೂನೇ ಇದೆ, ಪೋಸ್ಟರ್ ಅಂಟಿಸುವುದೂ ಅದರಡಿ ಬರುತ್ತದೆ. ಗೋಡೆ ಖಾಸಗಿಯಾದರೆ ಒಡೆಯರ ಒಪ್ಪಿಗೆ ಬರಹದಲ್ಲಿ ಪಡೆಯಿರಿ, ಸ್ಥಳೀಯ ಸಂಸ್ಥೆಯ ನಿಯಮ ಕೇಳಿಕೊಳ್ಳಿ. ಕಾಲೇಜಿನ ನೋಟಿಸ್ ಬೋರ್ಡ್, ಗ್ರಂಥಾಲಯದ ಮೆಟ್ಟಿಲು, ರಂಗಮಂದಿರದ ಒಳಗೋಡೆ ಸಿಕ್ಕರೆ ಅದೇ ಒಳ್ಳೆಯದು. ಕ್ರೂಗರ್ 2012ರಲ್ಲಿ ವಾಷಿಂಗ್ಟನ್ನಿನ ಹಿರ್ಷ್‌ಹಾರ್ನ್ ಮ್ಯೂಸಿಯಂನಲ್ಲಿ ಎಸ್ಕಲೇಟರ್ ಬದಿಗಳನ್ನೂ ಬಿಡದೆ ಅಕ್ಷರ ತುಂಬಿದ್ದರು. ಮೆಟ್ಟಿಲ ಎದುರುಮುಖಗಳಲ್ಲಿ ಒಂದೊಂದು ಪದ ಹಾಕುವುದಾದರೆ ಒಂದು ವಿಷಯ: ಹತ್ತುವವರು ಕೆಳಗಿನಿಂದ ಮೇಲೆ ನೋಡುತ್ತಾರೆ, ಆದರೂ ಕಣ್ಣು ಓದುವುದು ಮೇಲಿನಿಂದಲೇ. ಮೊದಲ ಪದ ಮೇಲಿನ ಮೆಟ್ಟಿಲಿಗೆ ಬರಲಿ.

ಜಾಲತಾಣಗಳಲ್ಲಿ ಹಾಕುವುದಾದರೆ ಚೌಕ ಅಳತೆಯ ಇನ್ನೊಂದು ಪ್ರತಿಯನ್ನು ಬೇರೆಯಾಗಿ ಜೋಡಿಸಿ; ಉದ್ದ ಪೋಸ್ಟರನ್ನು ಆ್ಯಪ್ ತಾನೇ ಕತ್ತರಿಸಿದರೆ ಕೊನೆಯ ಪಟ್ಟಿಯಲ್ಲಿರುವ ಕ್ರಿಯಾಪದವೇ ಹೋಗುತ್ತದೆ. ಚಿತ್ರದಲ್ಲಿರುವ ಮಾತನ್ನು ಕೆಳಗೆ ಯೂನಿಕೋಡ್‌ನಲ್ಲೂ ಟೈಪ್ ಮಾಡಿ, ಫೋಟೋದಲ್ಲಿ ಏನಿದೆ ಎಂದು ಒಂದು ಸಾಲು ಸೇರಿಸಿ. ಕಣ್ಣು ಕಾಣದವರ ಮೊಬೈಲ್ ಚಿತ್ರದೊಳಗಿನ ಕನ್ನಡವನ್ನು ಸರಿಯಾಗಿ ಓದಿ ಹೇಳುತ್ತದೆ ಎಂದು ನಂಬಿ ಕೂರುವಂತಿಲ್ಲ.